ತೆರಿಗೆ ದುಡ್ಡು, ಧಾರ್ಮಿಕ ಶಾಲೆ: ಕೊಡುವುದಾದರೆ ಯಾವ ಷರತ್ತಿಗೆ?

ಪ್ರಶ್ನೆ: ನನಗೆ ದೇವರು, ಧರ್ಮ ಇವುಗಳಲ್ಲಿ ನಂಬಿಕೆ ಇಲ್ಲ. ನಾನು ಕಟ್ಟುವ ತೆರಿಗೆಯಿಂದ ಧಾರ್ಮಿಕ ಸಂಸ್ಥೆಗಳ ಶಾಲೆಗೆ ಸರ್ಕಾರ ಹಣ ಕೊಡುವುದು ಸರಿಯೇ? ನನ್ನ ಗೆಳೆಯನದು ಪೂರ್ತಿ ಉಲ್ಟಾ ವಾದ. ‘ನಾನೂ ತೆರಿಗೆ ಕಟ್ಟುತ್ತೇನೆ. ನನ್ನ ಮಕ್ಕಳು ಓದುವ ಶಾಲೆಗೆ ಯಾಕೆ ಕೊಡಬಾರದು?’ ಅನ್ನುತ್ತಾನೆ. ಬೇರೆ ಬೇರೆ ದೇಶಗಳು ಇದನ್ನು ಹೇಗೆ ಬಗೆಹರಿಸಿಕೊಂಡಿವೆ? ನಿಮ್ಮ ಅಭಿಪ್ರಾಯ ಏನು?

ಉತ್ತರ: ಅಭಿಪ್ರಾಯ ಕೇಳಿದ್ದೀರಿ, ಅದನ್ನೇ ಮೊದಲು ಹೇಳಿಬಿಡುತ್ತೇನೆ. ಪಾಠಕ್ಕೆ ಹಣ ಕೊಡಬಹುದು, ಪೂಜೆಗೆ ಕೊಡಬಾರದು. ಹಣ ತಗೊಂಡ ಶಾಲೆ ತನ್ನ ಬಾಗಿಲನ್ನು ಎಲ್ಲ ಮಕ್ಕಳಿಗೂ ತೆರೆದಿಡಬೇಕು. ಧರ್ಮದ ತರಗತಿ ಬೇಡ ಅಂದ ಮಗುವನ್ನು ಸುಮ್ಮನೆ ಬಿಡಬೇಕು. ಒಂದು ಧರ್ಮದ ಶಾಲೆಗೆ ಕೊಟ್ಟರೆ ಎಲ್ಲ ಧರ್ಮದ ಶಾಲೆಗೂ ಅದೇ ಅಳತೆಯಲ್ಲಿ ಕೊಡಬೇಕು. ಇಷ್ಟನ್ನು ಒಪ್ಪದ ಶಾಲೆ ತನ್ನ ದುಡ್ಡಲ್ಲಿ ತಾನು ನಡೆಯಲಿ, ಅದಕ್ಕೆ ಯಾರ ತಕರಾರೂ ಇರಬಾರದು.

ಹೇಳುವುದಕ್ಕೆ ಸುಲಭ. ನಡೆಸಿಕೊಂಡು ಹೋಗುವುದು ಎಷ್ಟು ಕಷ್ಟ ಅನ್ನುವುದಕ್ಕೆ ಸುಮಾರು ಇನ್ನೂರು ವರ್ಷದ ಜಗಳದ ಇತಿಹಾಸ ಇದೆ. ಶಿಕ್ಷಣ ಕಾನೂನನ್ನು ಪಾಠ ಮಾಡುವಾಗ ನಾನು ಗಮನಿಸಿದ್ದು ಒಂದು. ‘ಹಣ ಕೊಡಬೇಕೋ ಬೇಡವೋ’ ಎಂದು ಶುರುವಾಗುವ ಚರ್ಚೆಯಲ್ಲಿ ಜನ ಗಂಟಲು ಹರಿದುಕೊಳ್ಳುತ್ತಾರೆ. ಆದರೆ ನಿಜವಾದ ತೀರ್ಮಾನಗಳೆಲ್ಲ ಆಗುವುದು ಷರತ್ತಿನ ಹಾಳೆಯಲ್ಲಿ. ಅದನ್ನು ಓದುವವರು ಕಡಿಮೆ.

ಮೊದಲು ನಿಮ್ಮ ವಾದ ತೆಗೆದುಕೊಳ್ಳೋಣ. ನಂಬದ ಧರ್ಮಕ್ಕೆ ನನ್ನ ದುಡ್ಡು ಯಾಕೆ ಅನ್ನುತ್ತೀರಿ. ಇದು ನಾಸ್ತಿಕರ ವಾದ ಅಂತ ಎಷ್ಟೋ ಜನ ತಿಳಿದಿದ್ದಾರೆ. ಇತಿಹಾಸದಲ್ಲಿ ಇದನ್ನು ಅತಿ ಗಟ್ಟಿಯಾಗಿ ಹೇಳಿದವರು ಪರಮ ದೈವಭಕ್ತರು. ಇಂಗ್ಲೆಂಡಿನಲ್ಲಿ 1902ರ ಶಿಕ್ಷಣ ಕಾಯ್ದೆ ಬಂದಾಗ ಆಂಗ್ಲಿಕನ್ (ಅಲ್ಲಿನ ಅಧಿಕೃತ ಚರ್ಚು) ಮತ್ತು ಕ್ಯಾಥೊಲಿಕ್ ಶಾಲೆಗಳ ಖರ್ಚನ್ನು ಸ್ಥಳೀಯ ತೆರಿಗೆಯಿಂದ ಕೊಡುವ ಏರ್ಪಾಡಾಯಿತು. ಬ್ಯಾಪ್ಟಿಸ್ಟ್, ಮೆಥಡಿಸ್ಟ್ ಮುಂತಾದ ಪಂಥಗಳವರು ಸಿಟ್ಟಾದರು. ‘ಆ ಚರ್ಚಿನ ಬೋಧನೆಗೆ ನಾವು ದುಡ್ಡು ಕೊಡುವುದಿಲ್ಲ’ ಎಂದು ತೆರಿಗೆಯಲ್ಲಿ ಶಾಲೆಯ ಪಾಲನ್ನು ಕಳೆದು ಉಳಿದದ್ದನ್ನು ಮಾತ್ರ ಕಟ್ಟಿದರು. ಬ್ಯಾಪ್ಟಿಸ್ಟ್ ಪಾದ್ರಿ ಜಾನ್ ಕ್ಲಿಫರ್ಡ್ ಇದರ ಮುಂದಾಳು. ಅಧಿಕಾರಿಗಳು ಇವರ ಮನೆ ಸಾಮಾನು ಜಪ್ತಿ ಮಾಡಿ ಹರಾಜು ಹಾಕಿದರು. ನೂರಕ್ಕೂ ಹೆಚ್ಚು ಜನ ಜೈಲಿಗೂ ಹೋಗಿ ಬಂದರು. ಭಾನುವಾರ ತಪ್ಪದೆ ಪ್ರಾರ್ಥನೆಗೆ ಹೋಗುವವರು, ಇನ್ನೊಂದು ಚರ್ಚಿನ ಶಾಲೆಗೆ ನಾಲ್ಕು ಕಾಸು ಕೊಡುವ ಬದಲು ಜೈಲೇ ವಾಸಿ ಅಂದರು.

ಹಾಗಾಗಿ ನಿಮ್ಮ ವಾದಕ್ಕೆ ತೂಕ ಇದೆ. ಆದರೆ ಅದನ್ನು ಕೊನೆಯವರೆಗೆ ಎಳೆದರೆ ನಿಲ್ಲುವುದಿಲ್ಲ. ಯುದ್ಧ ಬೇಡ ಅನ್ನುವವರ ತೆರಿಗೆಯಿಂದಲೂ ಸೈನ್ಯ ನಡೆಯುತ್ತದೆ. ನನಗೆ ಇಷ್ಟವಿಲ್ಲದ ಹತ್ತು ಕೆಲಸಕ್ಕೆ ನನ್ನ ತೆರಿಗೆ ಹೋಗುತ್ತದೆ. ‘ನನ್ನ ದುಡ್ಡು ನನ್ನ ನಂಬಿಕೆಗೆ ಮಾತ್ರ’ ಎಂದು ಎಲ್ಲರೂ ಹಟ ಹಿಡಿದರೆ ಬಜೆಟ್ಟೇ ಇರುವುದಿಲ್ಲ. ಧರ್ಮದ ವಿಷಯ ಸೈನ್ಯದಷ್ಟು ಸರಳವಲ್ಲ, ನಿಜ. ಅದಕ್ಕೇ ಕೆಲವು ದೇಶಗಳು ಇದನ್ನು ಸಂವಿಧಾನದಲ್ಲೇ ಬರೆದಿಟ್ಟವು. ಭಾರತದ ಸಂವಿಧಾನದ 27ನೇ ವಿಧಿ, ಒಂದು ನಿರ್ದಿಷ್ಟ ಧರ್ಮದ ಪ್ರಚಾರಕ್ಕೆಂದೇ ಮೀಸಲಾದ ತೆರಿಗೆಯನ್ನು ಕಟ್ಟುವಂತೆ ಯಾರನ್ನೂ ಒತ್ತಾಯಿಸಬಾರದು ಅನ್ನುತ್ತದೆ. ಆದರೆ ಚರ್ಚೋ ಮಠವೋ ಮದರಸಾವೋ ನಡೆಸುವ ಶಾಲೆಯಲ್ಲಿ ಗಣಿತ ಕಲಿಸುವ ಮೇಷ್ಟ್ರಿಗೆ ಸಂಬಳ ಕೊಟ್ಟರೆ ಅದು ಧರ್ಮ ಪ್ರಚಾರವೇ? ಗಣಿತ ಗಣಿತವೇ ಅಲ್ವಾ. ಈ ಗೆರೆ ಎಲ್ಲಿ ಎಳೆಯಬೇಕು ಅನ್ನುವುದೇ ಎಲ್ಲ ತಂಟೆಯ ಮೂಲ.

ಈಗ ನಿಮ್ಮ ಗೆಳೆಯನ ವಾದ. ಇದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಉದಾಹರಣೆ ಶುರುವಾಗುವುದು ಶೌಚಾಲಯದಿಂದ. ಆಸ್ಟ್ರೇಲಿಯಾದ ಗೋಲ್ಬರ್ನ್ ಎಂಬ ಊರು, ವರ್ಷ 1962. ಅಲ್ಲಿನ ಒಂದು ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗೆ ಇನ್ನೂ ಮೂರು ಶೌಚಾಲಯ ಕಟ್ಟಿಸಿ ಎಂದು ಆರೋಗ್ಯದ ನಿಯಮದ ಪ್ರಕಾರ ಸೂಚನೆ ಬಂತು. ಶಾಲೆಯ ಹತ್ತಿರ ದುಡ್ಡಿಲ್ಲ. ಧಾರ್ಮಿಕ ಶಾಲೆಗೆ ಸರ್ಕಾರ ನೆರವು ಕೊಡುವ ಪದ್ಧತಿಯೂ ಆಗ ಇರಲಿಲ್ಲ. ಊರಿನ ಕ್ಯಾಥೊಲಿಕ್ ಪೋಷಕರು ಸೇರಿ ಒಂದು ತೀರ್ಮಾನಕ್ಕೆ ಬಂದರು. ತಮ್ಮ ಎಲ್ಲ ಶಾಲೆಗಳನ್ನೂ ಮುಚ್ಚಿ, ಸುಮಾರು 2,000 ಮಕ್ಕಳನ್ನು ಒಟ್ಟಿಗೆ ಸರ್ಕಾರಿ ಶಾಲೆಗಳಿಗೆ ಸೇರಿಸಲು ಕರೆದುಕೊಂಡು ಹೋದರು. ಸರ್ಕಾರಿ ಶಾಲೆಗಳಲ್ಲಿ ಜಾಗ ಸಿಕ್ಕಿದ್ದು ಸುಮಾರು 640 ಮಕ್ಕಳಿಗೆ. ಉಳಿದವರನ್ನು ಎಲ್ಲಿ ಕೂರಿಸುವುದು?

ಒಂದು ವಾರದಲ್ಲಿ ಮುಷ್ಕರ ಮುಗಿಯಿತು, ಮಕ್ಕಳು ತಮ್ಮ ಶಾಲೆಗೆ ವಾಪಸಾದರು. ಆದರೆ ಹೇಳಬೇಕಾದ್ದನ್ನು ಹೇಳಿ ಆಗಿತ್ತು. ಈ ಮಕ್ಕಳ ಓದಿನ ಹೊರೆಯನ್ನು ಚರ್ಚು ಹೊರುತ್ತಿರುವುದರಿಂದ ಸರ್ಕಾರಕ್ಕೆ ಖರ್ಚು ಉಳಿಯುತ್ತಿದೆ, ಪೋಷಕರು ತೆರಿಗೆಯನ್ನೂ ಕಟ್ಟಿ ಫೀಸನ್ನೂ ಕಟ್ಟುತ್ತಿದ್ದಾರೆ ಎಂದು ಇಡೀ ದೇಶಕ್ಕೆ ಕಂಡಿತು. ಮರುವರ್ಷದ ಚುನಾವಣೆಯಲ್ಲಿ ಪ್ರಧಾನಿ ರಾಬರ್ಟ್ ಮೆಂಜೀಸ್ ಖಾಸಗಿ ಶಾಲೆಗಳೂ ಸೇರಿ ಎಲ್ಲ ಶಾಲೆಗಳಿಗೆ ವಿಜ್ಞಾನ ಪ್ರಯೋಗಾಲಯಕ್ಕೆ ಹಣ ಕೊಡುವುದಾಗಿ ಹೇಳಿದರು, ಗೆದ್ದರು, ಕೊಟ್ಟರು. ಪ್ರಯೋಗಾಲಯದಿಂದ ಶುರುವಾದದ್ದು ಮುಂದೆ ಶಾಲೆಯ ಪೂರ್ತಿ ಖರ್ಚಿಗೆ ಬೆಳೆಯಿತು. ವಿರೋಧಿಗಳು ಕೋರ್ಟಿಗೆ ಹೋದರು. 1981ರಲ್ಲಿ ಅಲ್ಲಿನ ಹೈಕೋರ್ಟು (ಆ ದೇಶದ ಅತಿ ಮೇಲಿನ ಕೋರ್ಟು ಅದೇ) ಆರಕ್ಕೆ ಒಂದು ಮತದಿಂದ ಹಣ ಕೊಡುವುದರಲ್ಲಿ ತಪ್ಪಿಲ್ಲ ಅಂದಿತು. ಆಸ್ಟ್ರೇಲಿಯಾ ಸಂವಿಧಾನದಲ್ಲಿ ಧರ್ಮದ ಬಗ್ಗೆ ಇರುವ ಸಾಲು ಬಹುಮಟ್ಟಿಗೆ ಅಮೆರಿಕದ ಸಾಲಿನ ನಕಲು. ಸಾಲು ಒಂದೇ, ಆದರೆ ಅದೇ ಹೊತ್ತಿನಲ್ಲಿ ಅಮೆರಿಕದ ಕೋರ್ಟು ಹೆಚ್ಚುಕಡಿಮೆ ಉಲ್ಟಾ ದಾರಿಯಲ್ಲಿತ್ತು!

ನಿಮ್ಮ ಗೆಳೆಯನ ಪರವಾಗಿ ಇನ್ನೊಂದು ಮಾತು. ‘ಸರ್ಕಾರಿ ಶಾಲೆಗೆ ಧರ್ಮ ಇಲ್ಲ, ಆದ್ದರಿಂದ ಎಲ್ಲರೂ ಅಲ್ಲಿಗೇ ಬನ್ನಿ’ ಅನ್ನುವ ವಾದ ಕೇಳುವುದಕ್ಕೆ ಚೆಂದ. ಎಲ್ಲ ಕಡೆ ಅದು ನಿಜವಾಗಿರಲಿಲ್ಲ. ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಎಲ್ಲರಿಗೂ ಸೇರಿದ ಶಾಲೆ ಎಂದು ಕರೆಸಿಕೊಂಡದ್ದರಲ್ಲಿ ಪ್ರತಿದಿನ ಓದುತ್ತಿದ್ದದ್ದು ಪ್ರಾಟೆಸ್ಟೆಂಟರ ಬೈಬಲ್. ಕ್ಯಾಥೊಲಿಕ್ ಮಕ್ಕಳಿಗೆ ತಮ್ಮ ಬೈಬಲ್ ಓದಲು ಬಿಡಬೇಕೇ ಎಂಬ ವಿಷಯಕ್ಕೆ 1844ರಲ್ಲಿ ಫಿಲಡೆಲ್ಫಿಯಾದಲ್ಲಿ ದಂಗೆ ಎದ್ದಿತು. ಚರ್ಚುಗಳು ಸುಟ್ಟುಹೋದವು, ಜನ ಸತ್ತರು. ಆಮೇಲೆ ಕ್ಯಾಥೊಲಿಕರು ತಮ್ಮದೇ ಶಾಲೆಗಳನ್ನು ಕಟ್ಟಿಕೊಂಡು ನೆರವು ಕೇಳಿದಾಗ ‘ಪಂಥದ ಶಾಲೆಗೆ ಸರ್ಕಾರದ ಹಣ ಇಲ್ಲ’ ಎಂಬ ನಿಯಮ ಒಂದೊಂದೇ ರಾಜ್ಯದ ಸಂವಿಧಾನಕ್ಕೆ ಸೇರಿತು. ಜಾತ್ಯತೀತತೆಯ ಮಾತಿನ ಹಿಂದೆ ಬಹುಸಂಖ್ಯಾತರ ಅಭ್ಯಾಸ ಬೆಚ್ಚಗೆ ಕೂತಿರುವುದು ಹೊಸದೇನಲ್ಲ. ನಿಮ್ಮಂಥ ನಾಸ್ತಿಕರಿಗೂ ಇದರಿಂದ ತೊಂದರೆಯೇ. ಸರ್ಕಾರಿ ಶಾಲೆಯ ಪ್ರಾರ್ಥನೆ ಯಾರದು, ಹಬ್ಬ ಯಾರದು ಎಂದು ಒಮ್ಮೆ ನೋಡಿ.

ಸರಿ, ಇಬ್ಬರಿಗೂ ಅರ್ಧರ್ಧ ಅಂಕ ಕೊಟ್ಟಾಯಿತು. ಈಗ ಒಪ್ಪಂದಗಳನ್ನು ನೋಡೋಣ. ನನ್ನ ಲೆಕ್ಕದಲ್ಲಿ ಎರಡು ದೇಶ ಇದನ್ನು ಶ್ರದ್ಧೆಯಿಂದ ಯೋಚಿಸಿ ಮಾಡಿವೆ. ಎರಡೂ ಮಾಡಿದ್ದು ಬೇರೆ ಬೇರೆ.

ನೆದರ್ಲೆಂಡ್ಸಿನಲ್ಲಿ ಈ ಜಗಳ ಹತ್ತೊಂಬತ್ತನೇ ಶತಮಾನದ ಬಹುಪಾಲನ್ನೇ ನುಂಗಿತು. 1917ರಲ್ಲಿ ಒಂದು ಕೊಡುಕೊಳ್ಳುವಿಕೆ ಆಯಿತು. ಉದಾರವಾದಿಗಳಿಗೂ ಸಮಾಜವಾದಿಗಳಿಗೂ ಬೇಕಾಗಿದ್ದದ್ದು ಎಲ್ಲ ಗಂಡಸರಿಗೂ ಮತದಾನದ ಹಕ್ಕು. ಧಾರ್ಮಿಕ ಪಕ್ಷಗಳಿಗೆ ಬೇಕಾಗಿದ್ದದ್ದು ಶಾಲೆಗೆ ಹಣ. ಇಬ್ಬರಿಗೂ ಬೇಕಾದ್ದು ಸಿಕ್ಕಿತು. ಅಂದಿನಿಂದ ಅಲ್ಲಿ ಸರ್ಕಾರಿ ಶಾಲೆಗೂ ಖಾಸಗಿ ಸಂಸ್ಥೆಯ ಶಾಲೆಗೂ ಸರ್ಕಾರದ ಹಣ ಸಮಸಮ. ಇವತ್ತು ಸಂವಿಧಾನದ 23ನೇ ವಿಧಿಯಲ್ಲಿ ಅದು ಇದೆ. ಆ ದೇಶದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಓದುವುದು ಖಾಸಗಿ ಸಂಸ್ಥೆಗಳು ನಡೆಸುವ, ಸರ್ಕಾರ ದುಡ್ಡು ಕೊಡುವ ಶಾಲೆಗಳಲ್ಲಿ. ಪ್ರಾಟೆಸ್ಟೆಂಟರಿಗೂ ಕ್ಯಾಥೊಲಿಕರಿಗೂ ಮಾಡಿದ ನಿಯಮವೇ ಮುಂದೆ 1980ರ ದಶಕದ ಕೊನೆಯಲ್ಲಿ ಮುಸ್ಲಿಂ ಶಾಲೆಗೂ ಹಿಂದೂ ಶಾಲೆಗೂ ಬಾಗಿಲು ತೆರೆಯಿತು. 1917ರಲ್ಲಿ ಸಹಿ ಹಾಕಿದವರು ಇದನ್ನು ಕನಸಲ್ಲೂ ಯೋಚಿಸಿರಲಿಕ್ಕಿಲ್ಲ. ಆದರೂ ನಿಯಮ ನಿಯಮವೇ ಎಂದು ಕೊಟ್ಟರು ನೋಡಿ, ಅದು ನನಗೆ ಇಷ್ಟ. ಇಷ್ಟವಾಗದ್ದು ಒಂದಿದೆ. ಆ ಶಾಲೆಗಳು ತಮ್ಮ ನಂಬಿಕೆಗೆ ಹೊಂದದ ಮಗುವನ್ನು ಸೇರಿಸಿಕೊಳ್ಳುವುದಿಲ್ಲ ಅನ್ನಬಹುದು. ಆ ನಿಯಮವನ್ನು ಎಲ್ಲರಿಗೂ ಒಂದೇ ರೀತಿ ಅನ್ವಯಿಸಿದರೆ ಆಯಿತು.

ಫ್ರಾನ್ಸ್ ಇನ್ನೊಂದು ದಾರಿ ಹಿಡಿಯಿತು. ಧರ್ಮವನ್ನೂ ಸರ್ಕಾರವನ್ನೂ 1905ರಲ್ಲೇ ಬೇರೆ ಮಾಡಿದ ದೇಶ ಅದು. ಅಂಥ ಕಡೆ ಧಾರ್ಮಿಕ ಶಾಲೆಗೆ ಒಂದು ಕಾಸೂ ಹೋಗುವುದಿಲ್ಲ ಎಂದು ಬಹಳ ಜನ ಅಂದುಕೊಂಡಿದ್ದಾರೆ. ಹೋಗುತ್ತದೆ, ಜಾಸ್ತಿಯೇ ಹೋಗುತ್ತದೆ. 1959ರ ಡೆಬ್ರೆ ಕಾಯ್ದೆಯ ಪ್ರಕಾರ ಖಾಸಗಿ ಶಾಲೆ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಳ್ಳಬಹುದು. ಮಾಡಿಕೊಂಡರೆ ಶಿಕ್ಷಕರ ಸಂಬಳ ಸರ್ಕಾರದ್ದು. ಬದಲಿಗೆ ಶಾಲೆ ಸರ್ಕಾರಿ ಪಠ್ಯಕ್ರಮವನ್ನೇ ಕಲಿಸಬೇಕು, ತಪಾಸಣೆಗೆ ಒಪ್ಪಬೇಕು, ಮನಸ್ಸಾಕ್ಷಿಯ ಸ್ವಾತಂತ್ರ್ಯ ಕಾಪಾಡಬೇಕು. ಮುಖ್ಯವಾಗಿ, ಮೂಲ, ಅಭಿಪ್ರಾಯ, ನಂಬಿಕೆ ಯಾವುದನ್ನೂ ನೋಡದೆ ಎಲ್ಲ ಮಕ್ಕಳಿಗೂ ಸೇರುವ ಅವಕಾಶ ಇರಬೇಕು. ಶಾಲೆ ತನ್ನತನವನ್ನು ಉಳಿಸಿಕೊಳ್ಳಬಹುದು, ಧರ್ಮದ ಪಾಠ ಬೇಕಾದವರಿಗೆ ಇಟ್ಟುಕೊಳ್ಳಬಹುದು. ಇವತ್ತು ಅಲ್ಲಿ ಸುಮಾರು ಆರರಲ್ಲಿ ಒಂದು ಮಗು ಇಂಥ ಖಾಸಗಿ ಶಾಲೆಯಲ್ಲಿದೆ. ಬಹುಪಾಲು ಕ್ಯಾಥೊಲಿಕ್ ಶಾಲೆಗಳು.

ಈ ಒಪ್ಪಂದವನ್ನು ಮುಟ್ಟಲು ಹೋದವರೆಲ್ಲ ಕೈ ಸುಟ್ಟುಕೊಂಡಿದ್ದಾರೆ. 1984ರಲ್ಲಿ ಎಡಪಂಥೀಯ ಸರ್ಕಾರ ಖಾಸಗಿ ಶಾಲೆಗಳನ್ನು ಸರ್ಕಾರಿ ವ್ಯವಸ್ಥೆಯ ಹತ್ತಿರಕ್ಕೆ ತರುವ ಮಸೂದೆ ತಂದಿತು. ಜೂನ್ 24ರಂದು ಪ್ಯಾರಿಸ್ಸಿನ ಬೀದಿಗಳು ಪೋಷಕರಿಂದ ತುಂಬಿಹೋದವು. ಅಧ್ಯಕ್ಷ ಮಿತ್ತೆರಾಂ ಮಸೂದೆ ವಾಪಸು ತಗೊಂಡರು, ಪ್ರಧಾನಿಯೂ ರಾಜೀನಾಮೆ ಕೊಟ್ಟರು. ಹತ್ತು ವರ್ಷ ಬಿಟ್ಟು ಬಲಪಂಥೀಯ ಸರ್ಕಾರ ಖಾಸಗಿ ಶಾಲೆಗಳ ಕಟ್ಟಡಕ್ಕೂ ಸ್ಥಳೀಯ ಸಂಸ್ಥೆಗಳು ಧಾರಾಳವಾಗಿ ಹಣ ಕೊಡಬಹುದು ಎಂದು ಹೊರಟಿತು. ಈ ಸಲ 1994ರ ಜನವರಿ 16ರಂದು ಸರ್ಕಾರಿ ಶಾಲೆಯ ಪರವಾಗಿ ಅದೇ ಪ್ಯಾರಿಸ್ಸಿನಲ್ಲಿ ಜನಸಾಗರ. ಕಾನೂನು ಸಂವಿಧಾನಕ್ಕೆ ಹೊಂದುತ್ತದೆಯೇ ಎಂದು ನೋಡುವ ಸಂವಿಧಾನ ಮಂಡಳಿ ಆ ಕಾನೂನಿನ ಮುಖ್ಯ ಭಾಗವನ್ನು ಅಷ್ಟರಲ್ಲೇ ತಳ್ಳಿಹಾಕಿತ್ತು. ಎರಡೂ ಕಡೆಯ ಜನ ಬೀದಿಗಿಳಿದು ಕಾಪಾಡಿದ್ದು ನಡುವಿನ ಆ ಹಳೆಯ ಒಪ್ಪಂದವನ್ನೇ.

ಫ್ರಾನ್ಸಿನ ವ್ಯವಸ್ಥೆಗೆ ಹುಳುಕು ಇಲ್ಲವೆಂದಲ್ಲ. ಒಪ್ಪಂದದ ಶಾಲೆಗಳು ಫೀಸು ತಗೊಳ್ಳಬಹುದು. ಬಾಗಿಲು ಕಾಗದದ ಮೇಲೆ ಎಲ್ಲರಿಗೂ ತೆರೆದಿದ್ದರೂ ಒಳಗೆ ಬರುವವರು ಅನುಕೂಲಸ್ಥರ ಮಕ್ಕಳೇ ಜಾಸ್ತಿ. ಪ್ರತಿ ಶಾಲೆಯ ಮಕ್ಕಳ ಸಾಮಾಜಿಕ ಹಿನ್ನೆಲೆಯ ಸೂಚ್ಯಂಕವನ್ನು ಸರ್ಕಾರ 2022ರಲ್ಲಿ, ಅದೂ ಕೋರ್ಟು ಹೇಳಿದ ಮೇಲೆ, ಬಹಿರಂಗ ಮಾಡಿದಾಗ ಇದು ಅಂಕಿಗಳಲ್ಲೇ ಕಂಡಿತು. ಇನ್ನೊಂದು ಕಡೆ, ಲೀಲ್ ನಗರದ ಅವೆರೋಸ್ ಎಂಬ ಮುಸ್ಲಿಂ ಪ್ರೌಢಶಾಲೆಯ ಒಪ್ಪಂದವನ್ನು 2023ರ ಕೊನೆಯಲ್ಲಿ ಅಧಿಕಾರಿಗಳು ರದ್ದು ಮಾಡಿದರು. 2025ರಲ್ಲಿ ಆಡಳಿತ ನ್ಯಾಯಾಲಯ ಆ ರದ್ದತಿಯನ್ನೇ ರದ್ದು ಮಾಡಿತು. ಷರತ್ತು ಎಲ್ಲರಿಗೂ ಒಂದೇ ಆದರೂ ತಪಾಸಣೆಯ ಕಣ್ಣು ಕೆಲವರ ಮೇಲೆ ಹೆಚ್ಚು ಹೊತ್ತು ನಿಲ್ಲುತ್ತದೆಯೇ ಎಂಬ ಪ್ರಶ್ನೆ ಅಲ್ಲಿ ಇನ್ನೂ ಬಿಸಿಯಾಗಿದೆ.

ಈಗ ನನಗೆ ಅತಿ ಮುಖ್ಯ ಅನ್ನಿಸುವ ವಿಷಯಕ್ಕೆ ಬರುತ್ತೇನೆ. ಸೀಟು ಯಾರಿಗೆ?

ಇಂಗ್ಲೆಂಡಿನಲ್ಲಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಯಾವುದಾದರೊಂದು ಧರ್ಮಕ್ಕೆ ಸೇರಿದವು. ಬಹುಪಾಲು ಆಂಗ್ಲಿಕನ್, ಆಮೇಲೆ ಕ್ಯಾಥೊಲಿಕ್. 1944ರ ಕಾಯ್ದೆ ಇವಕ್ಕೆ ಎರಡು ದಾರಿ ಕೊಟ್ಟಿತು. ಚರ್ಚು ಕಟ್ಟಡದ ಖರ್ಚಿನಲ್ಲಿ ಒಂದು ಪಾಲು ಹೊತ್ತರೆ ಆಡಳಿತದಲ್ಲಿ ಹೆಚ್ಚು ಹಿಡಿತ. ಖರ್ಚು ಪೂರ್ತಿ ಸರ್ಕಾರಕ್ಕೆ ಬಿಟ್ಟರೆ ಹಿಡಿತವೂ ಕಡಿಮೆ. ಜುಟ್ಟು ಎಷ್ಟು ಕೊಡುತ್ತೀರೋ ಅಷ್ಟು ದುಡ್ಡು, ಅಷ್ಟೇ. ಆಗ ಚರ್ಚಿನ ಪಾಲು ಅರ್ಧದಷ್ಟಿತ್ತು. ಈಗ ಬಹುಮಟ್ಟಿಗೆ ಹತ್ತನೇ ಒಂದಕ್ಕೆ ಇಳಿದಿದೆ, ದಿನನಿತ್ಯದ ಖರ್ಚು ಪೂರ್ತಿ ಸರ್ಕಾರದ್ದೇ. ಆದರೆ ಹಿಡಿತ ಮಾತ್ರ ಹಾಗೇ ಉಳಿದಿದೆ! ಅರ್ಜಿಗಳು ಸೀಟಿಗಿಂತ ಜಾಸ್ತಿ ಬಂದಾಗ ಈ ಶಾಲೆಗಳು ತಮ್ಮ ಧರ್ಮದ ಮಕ್ಕಳಿಗೆ ಮೊದಲ ಆದ್ಯತೆ ಕೊಡಬಹುದು.

ಇದರಿಂದ ಏನಾಗುತ್ತದೆ? ಒಳ್ಳೆಯ ಹೆಸರಿರುವ ಚರ್ಚ್ ಶಾಲೆ ಇರುವ ಕಡೆ ಮಗುವಿಗೆ ಮೂರು ನಾಲ್ಕು ವರ್ಷ ಆಗುತ್ತಿದ್ದಂತೆ ಅಪ್ಪ ಅಮ್ಮನಿಗೆ ಇದ್ದಕ್ಕಿದ್ದಂತೆ ಭಕ್ತಿ ಹುಟ್ಟುತ್ತದೆ. ಭಾನುವಾರದ ಪ್ರಾರ್ಥನೆಗೆ ಬಂದದ್ದಕ್ಕೆ ಪಾದ್ರಿಯ ಸಹಿ ಬೇಕು. ಸೀಟು ಸಿಕ್ಕ ಮೇಲೆ ಭಕ್ತಿ ನಿಧಾನವಾಗಿ ಇಳಿಯುತ್ತದೆ. ‘ಮಂಡಿಯೂರು, ಫೀಸು ತಪ್ಪಿಸು’ ಎಂಬ ಅರ್ಥದ ಗಾದೆಯೇ ಅಲ್ಲಿ ಚಾಲ್ತಿಯಲ್ಲಿದೆ. ನಗು ಬರುತ್ತದೆ, ಆದರೆ ಇದರಲ್ಲಿ ಒಳಗಾಗುವವರು ಯಾರು, ಹೊರಗಾಗುವವರು ಯಾರು ನೋಡಿ. ಭಾನುವಾರವೂ ಪಾಳಿಯ ಮೇಲೆ ದುಡಿಯುವ ತಾಯಿ ಎಲ್ಲಿ ಸಹಿ ಹಾಕಿಸಿಕೊಳ್ಳುತ್ತಾಳೆ? ಧರ್ಮದ ಜರಡಿ ಎಂದು ಹಿಡಿದದ್ದು ಕೊನೆಗೆ ವರ್ಗದ ಜರಡಿಯಾಗಿ ಕೆಲಸ ಮಾಡುತ್ತದೆ.

2009ರಲ್ಲಿ ಲಂಡನ್ನಿನ ಜೆಎಫ್‌ಎಸ್ ಎಂಬ ಯಹೂದಿ ಶಾಲೆಯ ಪ್ರಕರಣ ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಹೋಯಿತು. ಒಬ್ಬ ಹುಡುಗನ ತಾಯಿ ಮತಾಂತರವಾಗಿ ಯಹೂದಿ ಆದವರು. ಆ ಮತಾಂತರವನ್ನು ಶಾಲೆ ಅನುಸರಿಸುವ ಪಂಥ ಒಪ್ಪಲಿಲ್ಲ. ಹಾಗಾಗಿ ಹುಡುಗನಿಗೆ ಸೀಟಿಲ್ಲ. ತಾಯಿಯ ಮೂಲ ನೋಡಿ ಸೀಟು ಕೊಡುವುದು ಜನಾಂಗ ಭೇದ ಎಂದು ಕೋರ್ಟು ಐದಕ್ಕೆ ನಾಲ್ಕು ಮತದಿಂದ ಹೇಳಿತು. ಆಮೇಲೆ ಶಾಲೆ ಏನು ಮಾಡಿತು? ಹುಟ್ಟಿನ ಬದಲು ಆಚರಣೆ ಅಳೆಯಲು ಶುರು ಮಾಡಿತು. ಸಿನಗಾಗಿಗೆ (ಯಹೂದಿಗಳ ಪ್ರಾರ್ಥನಾ ಮಂದಿರ) ಎಷ್ಟು ಸಲ ಬಂದಿರಿ ಎಂಬ ಪ್ರಮಾಣಪತ್ರ. ಸರ್ಕಾರದ ಹಣದಲ್ಲಿ ನಡೆಯುವ ಸಂಸ್ಥೆಯೊಂದು ಪ್ರಾರ್ಥನೆಯ ಹಾಜರಿ ನೋಡಿ ಸೀಟು ಕೊಡುವುದು ಎಂಥ ವಿಚಿತ್ರ ಅಲ್ವಾ? ಕೋರ್ಟಿನ ತೀರ್ಪು ತಪ್ಪು ಅನ್ನುತ್ತಿಲ್ಲ. ಜರಡಿಯ ಕಣ್ಣು ಬದಲಾಯಿಸಿದರೆ ಸಾಲದು ಅನ್ನುತ್ತಿದ್ದೇನೆ.

ಐರ್ಲೆಂಡಿನಲ್ಲಿ ಇದು ಇನ್ನೂ ಬಿಗಿಯಾಗಿತ್ತು. ಅಲ್ಲಿ ಪ್ರಾಥಮಿಕ ಶಾಲೆಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಕ್ಯಾಥೊಲಿಕ್ ಆಡಳಿತದವು, ದುಡ್ಡು ಸರ್ಕಾರದ್ದು. ಹತ್ತಿರದಲ್ಲಿ ಬೇರೆ ಶಾಲೆಯೇ ಇಲ್ಲದ ಕಡೆ ‘ಆಯ್ಕೆ’ ಎಂಬ ಮಾತಿಗೆ ಅರ್ಥ ಇಲ್ಲ. ಸೀಟಿಗಾಗಿ ನಂಬಿಕೆ ಇಲ್ಲದವರೂ ಮಗುವಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದರು. 2018ರ ಕಾಯ್ದೆ ಕ್ಯಾಥೊಲಿಕ್ ಪ್ರಾಥಮಿಕ ಶಾಲೆಗಳಲ್ಲಿ ಇದನ್ನು ನಿಲ್ಲಿಸಿತು, ಅಲ್ಪಸಂಖ್ಯಾತ ಧರ್ಮಗಳ ಶಾಲೆಗಳಿಗೆ ಮಾತ್ರ ಸ್ವಲ್ಪ ವಿನಾಯಿತಿ ಉಳಿಸಿತು. ನನಗೆ ಇದು ನ್ಯಾಯವಾಗಿ ಕಾಣುತ್ತದೆ. ಇಡೀ ದೇಶದಲ್ಲಿ ಬೆರಳೆಣಿಕೆಯಷ್ಟು ಶಾಲೆ ಇರುವ ಸಮುದಾಯಕ್ಕೂ ಊರಿಗೊಂದು ಶಾಲೆ ಇರುವ ಸಮುದಾಯಕ್ಕೂ ಒಂದೇ ಅಳತೆ ಹಿಡಿಯಲಾಗದು.

ಭಾರತದ ಸಂವಿಧಾನ ಈ ವಿಷಯದಲ್ಲಿ ಎಷ್ಟು ಮುಂದೆ ಯೋಚಿಸಿತ್ತು ಅನ್ನುವುದನ್ನು ನಮ್ಮವರೇ ಮರೆತಿದ್ದಾರೆ. 28ನೇ ವಿಧಿ ಹಣದ ಪ್ರಮಾಣ ನೋಡಿ ಷರತ್ತು ಹಾಕುತ್ತದೆ. ಪೂರ್ತಿ ಸರ್ಕಾರದ ಹಣದಲ್ಲೇ ನಡೆಯುವ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಇಲ್ಲವೇ ಇಲ್ಲ. ದತ್ತಿ, ಟ್ರಸ್ಟಿನಿಂದ ಸ್ಥಾಪನೆಯಾಗಿ ಸರ್ಕಾರ ಬರೀ ಆಡಳಿತ ನೋಡಿಕೊಳ್ಳುವ ಸಂಸ್ಥೆಗೆ ವಿನಾಯಿತಿ ಇದೆ. ಸರ್ಕಾರದ ಮಾನ್ಯತೆಯೋ ಅನುದಾನವೋ ಪಡೆದ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಬಹುದು, ಆದರೆ ಒಪ್ಪಿಗೆ ಇಲ್ಲದೆ ಯಾವ ವಿದ್ಯಾರ್ಥಿಯನ್ನೂ ಅದಕ್ಕೆ ಕೂರಿಸುವಂತಿಲ್ಲ. ಅಪ್ರಾಪ್ತರಾದರೆ ಪೋಷಕರ ಒಪ್ಪಿಗೆ. 29ನೇ ವಿಧಿಯ ಪ್ರಕಾರ ಅನುದಾನಿತ ಸಂಸ್ಥೆ ಧರ್ಮ, ಜನಾಂಗ, ಜಾತಿ, ಭಾಷೆಯ ಕಾರಣಕ್ಕೇ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ. 30ನೇ ವಿಧಿ, ಅನುದಾನ ಕೊಡುವಾಗ ಅಲ್ಪಸಂಖ್ಯಾತರ ಸಂಸ್ಥೆ ಎಂದು ಸರ್ಕಾರ ಭೇದ ಮಾಡಬಾರದು ಅನ್ನುತ್ತದೆ. 29ಕ್ಕೂ 30ಕ್ಕೂ ತಿಕ್ಕಾಟ ಬಂದಾಗ, ತಮ್ಮವರಿಗೆ ಒಂದು ಪಾಲು ಸೀಟು ಇಟ್ಟುಕೊಂಡು ಉಳಿದದ್ದನ್ನು ಎಲ್ಲರಿಗೂ ಕೊಡಿ ಎಂಬ ನಡುದಾರಿಯನ್ನು ಸುಪ್ರೀಂ ಕೋರ್ಟು 1991ರ ಸೇಂಟ್ ಸ್ಟೀಫನ್ಸ್ ಕಾಲೇಜಿನ ಪ್ರಕರಣದಲ್ಲಿ ತೋರಿಸಿತು.

ಷರತ್ತು ಹಣದ ಪ್ರಮಾಣಕ್ಕೆ ಅಂಟಿಕೊಂಡಿರುವುದರ ಪರಿಣಾಮ ಇತ್ತೀಚಿನ ಎರಡು ಪ್ರಕರಣಗಳಲ್ಲಿ ಕಾಣುತ್ತದೆ. ಅಸ್ಸಾಮಿನಲ್ಲಿ ಸರ್ಕಾರವೇ ಪೂರ್ತಿ ಖರ್ಚು ಹೊತ್ತು ನಡೆಸುತ್ತಿದ್ದ ಮದರಸಾಗಳನ್ನು ಸಾಮಾನ್ಯ ಶಾಲೆಗಳಾಗಿ ಮಾಡುವ 2020ರ ಕಾಯ್ದೆಯನ್ನು ಗುವಾಹಟಿ ಹೈಕೋರ್ಟು 2022ರಲ್ಲಿ ಎತ್ತಿಹಿಡಿಯಿತು. ಪೂರ್ತಿ ಸರ್ಕಾರದ ಹಣ, ಹಾಗಾಗಿ ಧಾರ್ಮಿಕ ಬೋಧನೆ ಸಾಧ್ಯವಿಲ್ಲ ಎಂಬ ತರ್ಕ. ಉತ್ತರ ಪ್ರದೇಶದ ಮದರಸಾಗಳು ಸರ್ಕಾರದ ಮಾನ್ಯತೆಯೋ ಅನುದಾನವೋ ಪಡೆದವು. ಅಲ್ಲಿನ ಮದರಸಾ ಕಾಯ್ದೆಯನ್ನು ಅಲಹಾಬಾದ್ ಹೈಕೋರ್ಟು ಪೂರ್ತಿ ರದ್ದು ಮಾಡಿದ್ದನ್ನು 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟು ತಿರುಗಿಸಿತು. ಮದರಸಾಗಳ ಗುಣಮಟ್ಟವನ್ನು ಸರ್ಕಾರ ನಿಯಂತ್ರಿಸಬಹುದು, ಕಾಯ್ದೆ ಉಳಿಯಲಿ, ಆದರೆ ಪದವಿ ಮಟ್ಟದ ಪ್ರಮಾಣಪತ್ರ ಕೊಡುವ ಭಾಗ ಮಾತ್ರ ನಿಲ್ಲದು ಅಂದಿತು. ಎರಡನ್ನೂ ಒಟ್ಟಿಗೆ ಇಟ್ಟು ಓದಿದರೆ ಗೊಂದಲ ಕಡಿಮೆಯಾಗುತ್ತದೆ. ಟಿವಿ ಚರ್ಚೆ ನೋಡಿದರೆ ಜಾಸ್ತಿಯಾಗುತ್ತದೆ.

ಒಂದು ಧರ್ಮಕ್ಕೆ ಕೊಟ್ಟು ಇನ್ನೊಂದಕ್ಕೆ ಇಲ್ಲ ಅಂದರೆ ಏನಾಗುತ್ತದೆ? ಕೆನಡಾದ ಒಂಟಾರಿಯೊ ಪ್ರಾಂತ್ಯ ನೋಡಿ. 1867ರಲ್ಲಿ ಆ ದೇಶ ಹುಟ್ಟುವಾಗ ಅಲ್ಲಿನ ಕ್ಯಾಥೊಲಿಕ್ ಅಲ್ಪಸಂಖ್ಯಾತರಿಗೆ ಶಾಲೆಯ ಹಕ್ಕು ಸಂವಿಧಾನದಲ್ಲೇ ಸಿಕ್ಕಿತು. ಆ ಕಾಲಕ್ಕೆ ಅದು ಸರಿಯಾದ ರಾಜಿ. ಇವತ್ತಿಗೂ ಅಲ್ಲಿ ಕ್ಯಾಥೊಲಿಕ್ ಶಾಲೆಗೆ ಪೂರ್ತಿ ಹಣ. ಯಹೂದಿ, ಮುಸ್ಲಿಂ, ಹಿಂದೂ, ಸಿಖ್ ಶಾಲೆಗೆ ಸೊನ್ನೆ. 1996ರಲ್ಲಿ ಕೆನಡಾದ ಸುಪ್ರೀಂ ಕೋರ್ಟು ‘ಇದು ಸಂವಿಧಾನದ ಮೂಲ ಒಪ್ಪಂದ, ನಾವೇನೂ ಮಾಡಲಾಗದು’ ಎಂಬ ಧಾಟಿಯಲ್ಲಿ ಕೈತೊಳೆದುಕೊಂಡಿತು. 1999ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಇದು ತಾರತಮ್ಯ ಎಂದು ಸ್ಪಷ್ಟವಾಗಿ ಹೇಳಿತು. ಧಾರ್ಮಿಕ ಶಾಲೆಗೆ ಹಣ ಕೊಡಲೇಬೇಕು ಎಂದು ಅಂತರರಾಷ್ಟ್ರೀಯ ಕಾನೂನು ಹೇಳುವುದಿಲ್ಲ, ಆದರೆ ಕೊಟ್ಟರೆ ಭೇದ ಮಾಡದೆ ಕೊಡಬೇಕು. ಒಂಟಾರಿಯೊ ಅಲುಗಲಿಲ್ಲ. 2007ರ ಚುನಾವಣೆಯಲ್ಲಿ ವಿರೋಧ ಪಕ್ಷದ ನಾಯಕ ಜಾನ್ ಟೋರಿ ಎಲ್ಲ ಧರ್ಮದ ಶಾಲೆಗೂ ಕೊಡೋಣ ಅಂದರು, ಸೋತರು. ಕ್ಯಾಥೊಲಿಕ್ ಶಾಲೆಯ ಹಣ ಕಿತ್ತುಕೊಳ್ಳುವ ಧೈರ್ಯವೂ ಯಾವ ದೊಡ್ಡ ಪಕ್ಷಕ್ಕೂ ಇಲ್ಲ. ಕೊಟ್ಟ ಹಣವನ್ನು ವಾಪಸು ಪಡೆಯುವುದು ಎಷ್ಟು ಕಷ್ಟ ಎಂದು ಹೊಸದಾಗಿ ಕೊಡಲು ಹೊರಟವರು ಮೊದಲೇ ಯೋಚಿಸಬೇಕು.

ಕಷ್ಟ, ಅಸಾಧ್ಯವಲ್ಲ. ಅದೇ ಕೆನಡಾದ ನ್ಯೂಫೌಂಡ್‌ಲ್ಯಾಂಡಿನಲ್ಲಿ ಸರ್ಕಾರದ ಹಣ ಪಡೆಯುವ ಶಾಲೆಗಳೆಲ್ಲ ಚರ್ಚುಗಳ ಕೈಯಲ್ಲೇ ಇದ್ದವು. ಚದುರಿದ ಸಣ್ಣ ಸಣ್ಣ ಊರುಗಳು, ಕಡಿಮೆಯಾಗುತ್ತಿರುವ ಮಕ್ಕಳು, ಆದರೆ ಪಂಥಕ್ಕೊಂದು ಶಾಲಾ ವ್ಯವಸ್ಥೆ. ಸಿದ್ಧಾಂತಕ್ಕಿಂತ ಖರ್ಚಿನ ಲೆಕ್ಕವೇ ಜನರನ್ನು ಬದಲಾಯಿಸಿತು ಅನ್ನಿಸುತ್ತದೆ. 1997ರ ಜನಮತಗಣನೆಯಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮತ ಒಂದೇ ಸಾರ್ವಜನಿಕ ಶಾಲಾ ವ್ಯವಸ್ಥೆಯ ಪರ ಬಿತ್ತು. ಸಂವಿಧಾನವನ್ನೇ ತಿದ್ದಿದರು.

ಫಲಿತಾಂಶದ ವಿಷಯ ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ಧಾರ್ಮಿಕ ಶಾಲೆಗಳಲ್ಲಿ ಶಿಸ್ತು ಚೆನ್ನಾಗಿದೆ, ಅಂಕ ಜಾಸ್ತಿ ಬರುತ್ತದೆ ಎಂದು ನಿಮ್ಮ ಗೆಳೆಯ ಹೇಳಬಹುದು. ಎಷ್ಟೋ ಕಡೆ ಅಂಕ ಜಾಸ್ತಿ ಇರುವುದು ನಿಜ. ಆದರೆ ಮನೆಯ ಹಿನ್ನೆಲೆ, ಹಿಂದಿನ ಅಂಕ ಇವನ್ನೆಲ್ಲ ಲೆಕ್ಕಕ್ಕೆ ತಗೊಂಡರೆ ಆ ಅಂತರ ಬಹಳಷ್ಟು ಕರಗುತ್ತದೆ. ಆರಿಸಿಕೊಂಡ ಮಕ್ಕಳು ಚೆನ್ನಾಗಿ ಓದಿದರೆ ಅದರ ಕೀರ್ತಿ ಪೂರ್ತಿ ಶಾಲೆಗೇ ಹೋಗಬಾರದು.

ಕೊನೆಗೆ, ಈ ಚರ್ಚೆ ಈಗ ಹೊರಳುತ್ತಿರುವ ದಿಕ್ಕು. ಶಾಲೆಗೆ ಕೊಡುವ ಬದಲು ಪೋಷಕರ ಕೈಗೇ ಹಣ ಕೊಟ್ಟರೆ? ಅವರು ಎಲ್ಲಿ ಬೇಕಾದರೂ ಕಟ್ಟಿಕೊಳ್ಳಲಿ. ಅಮೆರಿಕದಲ್ಲಿ ಇದು ಬಸ್ ಚಾರ್ಜಿನಿಂದ ಶುರುವಾಯಿತು. 1947ರಲ್ಲಿ ಸುಪ್ರೀಂ ಕೋರ್ಟು ಚರ್ಚು ಮತ್ತು ಸರ್ಕಾರದ ನಡುವೆ ಎತ್ತರದ ಗೋಡೆ ಇರಬೇಕು ಎಂದು ಬರೆಯಿತು, ಅದೇ ತೀರ್ಪಿನಲ್ಲಿ ಧಾರ್ಮಿಕ ಶಾಲೆಗೆ ಹೋಗುವ ಮಕ್ಕಳ ಬಸ್ ಖರ್ಚನ್ನು ಕೊಡಬಹುದು ಅಂತಲೂ ಅಂದಿತು. 2002ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ವೋಚರ್ ಯೋಜನೆಗೆ, ಅಂದರೆ ಫೀಸಿಗೆಂದು ಸರ್ಕಾರ ಪೋಷಕರಿಗೆ ಹಣ ಕೊಡುವ ಏರ್ಪಾಡಿಗೆ, ಒಪ್ಪಿಗೆ ಸಿಕ್ಕಿತು. ಪೋಷಕರು ಸ್ವಂತ ಇಚ್ಛೆಯಿಂದ ಧಾರ್ಮಿಕ ಶಾಲೆ ಆರಿಸಿಕೊಂಡರೆ ಅದು ಸರ್ಕಾರ ಧರ್ಮಕ್ಕೆ ಕೊಟ್ಟ ಹಾಗಲ್ಲ ಎಂಬ ತರ್ಕ. 2020ರಲ್ಲಿ ಮೊಂಟಾನಾ, 2022ರಲ್ಲಿ ಮೇನ್ ರಾಜ್ಯಗಳ ಪ್ರಕರಣದಲ್ಲಿ ಕೋರ್ಟು ಇನ್ನೂ ಮುಂದೆ ಹೋಯಿತು. ಬೇರೆ ಖಾಸಗಿ ಶಾಲೆಗೆ ಕೊಡುವ ಹಣವನ್ನು ಧಾರ್ಮಿಕ ಎಂಬ ಕಾರಣಕ್ಕೆ ನಿರಾಕರಿಸುವಂತಿಲ್ಲ ಅಂದಿತು. ಮೊದಲು ಕೊಡಬಾರದು ಅನ್ನುತ್ತಿದ್ದದ್ದು ಕೊಡಬಹುದು ಎಂದಾಗಿ, ಈಗ ಕೊಡಲೇಬೇಕು ಎಂಬ ಹತ್ತಿರಕ್ಕೆ ಬಂದು ನಿಂತಿದೆ.

ಈ ದಾರಿಯ ಬಗ್ಗೆ ನನಗೆ ಅನುಮಾನ ಇದೆ. ಕಾರಣ, ಹಣ ಪೋಷಕರ ಕೈ ದಾಟಿ ಬಂದಾಗ ಷರತ್ತುಗಳು ಸಡಿಲವಾಗುತ್ತವೆ. ಎಲ್ಲರಿಗೂ ಪ್ರವೇಶ, ತಪಾಸಣೆ, ಪಠ್ಯಕ್ರಮ, ಇವನ್ನೆಲ್ಲ ಯಾರ ಮೇಲೆ ಹೇರುವುದು? ಮೇನ್ ರಾಜ್ಯದಲ್ಲಿ ನಡೆದದ್ದು ನೋಡಿ. ತೀರ್ಪು ಬರುವ ಮುಂಚೆಯೇ ರಾಜ್ಯ ತನ್ನ ಕಾನೂನು ತಿದ್ದಿ, ಸಾರ್ವಜನಿಕ ಹಣ ಪಡೆಯುವ ಶಾಲೆ ಸಲಿಂಗಿ ಮತ್ತು ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳಿಗೆ ಭೇದ ಮಾಡಬಾರದು ಎಂದು ಬಿಗಿ ಮಾಡಿತ್ತು. ಪ್ರಕರಣದ ನಡುವೆ ಇದ್ದ ಶಾಲೆಗಳು ತೀರ್ಪು ತಮ್ಮ ಕಡೆ ಬಂದರೂ ಕೂಡಲೇ ಹಣಕ್ಕೆ ಕೈಚಾಚಲಿಲ್ಲ. ಅವುಗಳಲ್ಲಿ ಒಂದು ಶಾಲೆಯನ್ನು ನಡೆಸುವ ಚರ್ಚು, ಆ ಷರತ್ತಿನ ವಿರುದ್ಧವೇ ಮತ್ತೆ ಕೋರ್ಟಿಗೆ ಹೋಯಿತು. ಹಣಕ್ಕಾಗಿ ವರ್ಷಗಟ್ಟಲೆ ನಡೆದ ಕೇಸು, ಕೊನೆಗೆ ಷರತ್ತಿನ ಮುಂದೆ ಬಂದು ನಿಂತಿತು.

ಒಕ್ಲಹೋಮಾದಲ್ಲಿ ಇನ್ನೂ ದೊಡ್ಡ ಪ್ರಯತ್ನ ನಡೆಯಿತು. ಚಾರ್ಟರ್ ಶಾಲೆ ಅಂದರೆ ಪೂರ್ತಿ ಸರ್ಕಾರದ ಹಣದಲ್ಲಿ, ಆದರೆ ಬೇರೆ ಸಂಸ್ಥೆಯ ಆಡಳಿತದಲ್ಲಿ ನಡೆಯುವ ಶಾಲೆ. ಅಂಥದ್ದನ್ನೇ ಕ್ಯಾಥೊಲಿಕ್ ಚರ್ಚು ಆನ್‌ಲೈನ್ ಶಾಲೆಯಾಗಿ ನಡೆಸುವ ಯೋಜನೆ. ರಾಜ್ಯದ ಸುಪ್ರೀಂ ಕೋರ್ಟು ಆಗದು ಅಂದಿತು. 2025ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ನಾಲ್ಕಕ್ಕೆ ನಾಲ್ಕಾಗಿ ಒಡೆಯಿತು. ಒಬ್ಬ ನ್ಯಾಯಮೂರ್ತಿ ವಿಚಾರಣೆಯಿಂದ ಹಿಂದೆ ಸರಿದಿದ್ದರು. ಸಮಬಲ ಆದ್ದರಿಂದ ಕೆಳಗಿನ ತೀರ್ಪು ಉಳಿಯಿತು, ಆದರೆ ಬೇರೆ ರಾಜ್ಯಗಳಿಗೆ ಅದು ಮೇಲ್ಪಂಕ್ತಿ ಆಗುವುದಿಲ್ಲ. ಇದೇ ಪ್ರಶ್ನೆ ಇನ್ನೊಂದು ರಾಜ್ಯದಿಂದ, ಒಂಬತ್ತೂ ನ್ಯಾಯಮೂರ್ತಿಗಳು ಕೂತಿರುವಾಗ ಬಂದರೆ, ಪೂರ್ತಿ ಸರ್ಕಾರದ ಹಣದಲ್ಲಿ ಒಂದು ಧರ್ಮದ ಬೋಧನೆ ನಡೆಯಬಹುದೇ ಎಂಬುದನ್ನು ಅವರು ನೇರವಾಗಿ ಹೇಳಬೇಕಾಗುತ್ತದೆ.